ಕ್ಯಾಬಿನೆಟ್ ಫ್ಯಾನ್: ಗಾಳಿ ಎಲ್ಲಿಂದ ಬರಬೇಕು, ಎಲ್ಲಿಗೆ ಹೋಗಬೇಕು

ಕಂಪ್ಯೂಟರ್ ಬಿಸಿಯಾಗುತ್ತಿದೆ ಅಂತ ಗೊತ್ತಾದ ಕೂಡಲೇ ಬಹಳಷ್ಟು ಜನ ಇನ್ನೆರಡು ಫ್ಯಾನ್ ತಂದು, ಕ್ಯಾಬಿನೆಟ್ಟಿನಲ್ಲಿ ಜಾಗ ಖಾಲಿ ಕಂಡ ಕಡೆ ಕೂರಿಸಿಬಿಡುತ್ತಾರೆ. ಆಮೇಲೆ ನೋಡಿದರೆ ಸದ್ದು ಹೆಚ್ಚಿರುತ್ತದೆ, ಬಿಸಿ ಮಾತ್ರ ಇದ್ದಷ್ಟೇ ಇರುತ್ತದೆ. ಕೆಲವೊಮ್ಮೆ ಒಂದೆರಡು ಡಿಗ್ರಿ ಏರಿದರೂ ಆಶ್ಚರ್ಯವಿಲ್ಲ. ಫ್ಯಾನ್ ಏನನ್ನೂ ತಣ್ಣಗೆ ಮಾಡುವ ಯಂತ್ರವಲ್ಲ. ಹೊರಗಿನ ಗಾಳಿಯನ್ನು ಒಳಗೆ ತಂದು, ಬಿಸಿಯಾದ ಭಾಗಗಳ ಮೇಲೆ ಹಾಯಿಸಿ, ಅದೇ ಗಾಳಿ ಮತ್ತೆ ಒಳಗೆ ಸುತ್ತದ ಹಾಗೆ ಆಚೆ ಸಾಗಿಸುವುದಷ್ಟೇ ಅದರ ಕೆಲಸ. ಆದ್ದರಿಂದ ಮೊದಲು ಗಾಳಿಗೆ ಒಂದು ದಾರಿ ಗೊತ್ತುಮಾಡಿಕೊಳ್ಳಬೇಕು, ಎಷ್ಟು ಫ್ಯಾನ್ ಬೇಕು ಅನ್ನುವ ಲೆಕ್ಕ ಆಮೇಲೆ.

ಆ ಲೆಕ್ಕ ಕಷ್ಟದ್ದೇನಲ್ಲ. ಕಂಪ್ಯೂಟರ್ ಎಳೆಯುವ ವ್ಯಾಟ್‌ಗಳನ್ನು ಕ್ಯಾಬಿನೆಟ್ ಮೂಲಕ ನಿಜವಾಗಿ ಹಾಯುವ ಗಾಳಿಯ ಸಿಎಫ್‌ಎಂನಿಂದ, ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಎಂಬ ಅಳತೆಯಿಂದ ಭಾಗಿಸಿ, 1.76ರಿಂದ ಗುಣಿಸಿ. ಒಳಗೆ ಬಂದ ಗಾಳಿ ಹೊರಗೆ ಹೋಗುವಷ್ಟರಲ್ಲಿ ಸರಾಸರಿ ಎಷ್ಟು ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ ಅನ್ನುವುದು ಸಿಗುತ್ತದೆ. ಆಟ ಆಡುವಾಗ 500 ವ್ಯಾಟ್ ಎಳೆಯುವ ಯಂತ್ರದಲ್ಲಿ 30 ಸಿಎಫ್‌ಎಂ ಹರಿದರೆ ಗಾಳಿ 29 ಡಿಗ್ರಿ ಕಾಯುತ್ತದೆ. 60 ಆದರೆ 15 ಡಿಗ್ರಿ. 120 ಆದರೆ 7. 240 ಆದರೆ 4ಕ್ಕೂ ಕಡಿಮೆ. ಮೊದಲ ಸಲ ಗಾಳಿ ಇಮ್ಮಡಿಯಾದಾಗ 14 ಡಿಗ್ರಿಗೂ ಹೆಚ್ಚು ಇಳಿಯಿತು, ಮೂರನೇ ಸಲ ಇಮ್ಮಡಿಯಾದಾಗ ಇಳಿದದ್ದು ಮೂರೂವರೆಯಷ್ಟು. ಆರನೇ ಫ್ಯಾನು, ಏಳನೇ ಫ್ಯಾನು ಯಾಕೆ ಏನೂ ಮಾಡಿದ ಹಾಗೆ ಕಾಣುವುದಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಇನ್ನೊಂದು ಮಾತು: ಇದೆಲ್ಲ ಕೋಣೆಯ ಉಷ್ಣಾಂಶದ ಮೇಲೆ ಸೇರುವ ಲೆಕ್ಕ. ಕೋಣೆ 34 ಡಿಗ್ರಿ ಇದ್ದರೆ ಒಳಗಿನ ಯಾವ ಭಾಗವೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ, ಎಷ್ಟು ಫ್ಯಾನ್ ಹಾಕಿದರೂ ಅಷ್ಟೇ.

ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಸಿಎಫ್‌ಎಂ ಅನ್ನು ಈ ಲೆಕ್ಕಕ್ಕೆ ಹಾಗೇ ಹಾಕಬೇಡಿ. ಅದು ಫ್ಯಾನ್ ಮುಂದೆ ಹಿಂದೆ ಏನೂ ಅಡ್ಡ ಇಲ್ಲದಾಗಿನ ಅಂಕಿ. ಜಾಲರಿ, ಧೂಳಿನ ಫಿಲ್ಟರ್, ಹಿಂದಿನ ಗ್ರಿಲ್ ಎಲ್ಲ ದಾಟುವಷ್ಟರಲ್ಲಿ ಅದು ಅರ್ಧಕ್ಕೆ ಇಳಿಯುವುದು ಅಪರೂಪವೇನಲ್ಲ. ಮುಂಭಾಗ ಪೂರ್ತಿ ಗಾಜಿನದಾಗಿ, ಪಕ್ಕದಲ್ಲಿ ಬೆರಳು ತೂರುವಷ್ಟು ಸಂದಿ ಮಾತ್ರ ಇರುವ ಕ್ಯಾಬಿನೆಟ್ ಆದರೆ ಇನ್ನೂ ಕಡಿಮೆ. ಅಂಥದ್ದರ ಹಿಂದೆ ಮೂರು ಬಣ್ಣದ ದೀಪದ ಫ್ಯಾನ್ ಹಾಕುವುದೆಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗೆ. ಹೊಸದಾಗಿ ಕ್ಯಾಬಿನೆಟ್ ಕೊಳ್ಳುವವರು ಮೊದಲು ನೋಡಬೇಕಾದ್ದು ಮುಂಭಾಗದ ಜಾಲರಿಯನ್ನು. ಜಾಲರಿಯನ್ನು ಬೆಳಕಿಗೆ ಹಿಡಿದಾಗ ಆಚೆ ಬದಿ ಚೆನ್ನಾಗಿ ಕಾಣಬೇಕು.

ಫ್ಯಾನಿನ ಮುಖ ಯಾವುದು

ತಿರುವುಮುರುವಾಗಿ ಕೂತ ಒಂದೇ ಒಂದು ಫ್ಯಾನ್ ಉಳಿದದ್ದನ್ನೆಲ್ಲ ಹಾಳುಮಾಡಬಲ್ಲದು, ಅದಕ್ಕೇ ಇದನ್ನು ನಿಧಾನವಾಗಿ ನೋಡಿ. ಕೈಯಲ್ಲಿ ಹಿಡಿದ ಫ್ಯಾನಿನ ಒಂದು ಬದಿಯಲ್ಲಿ ರೆಕ್ಕೆಗಳು ಅಡ್ಡಿಯಿಲ್ಲದೆ ಕಾಣುತ್ತವೆ. ಇನ್ನೊಂದು ಬದಿಯಲ್ಲಿ ನಡುವಿನ ಮೋಟಾರನ್ನು ಚೌಕಟ್ಟಿಗೆ ಹಿಡಿದಿಡುವ ಪ್ಲಾಸ್ಟಿಕ್ ಕಡ್ಡಿಗಳಿರುತ್ತವೆ, ಅದರಲ್ಲೊಂದರ ಮೇಲೆ ವೈರು ಓಡಿರುತ್ತದೆ, ನಡುವೆ ವೋಲ್ಟೇಜ್ ಬರೆದ ಚೀಟಿ ಇರುತ್ತದೆ. ಗಾಳಿ ತೆರೆದ ಬದಿಯಿಂದ ಒಳಸೇರಿ ಕಡ್ಡಿಗಳಿರುವ ಬದಿಯಿಂದ ಹೊರಬೀಳುತ್ತದೆ. ಕೆಲವು ಫ್ಯಾನ್‌ಗಳ ಚೌಕಟ್ಟಿನ ಅಂಚಿನಲ್ಲಿ ಎರಡು ಬಾಣಗಳ ಗುರುತು ಇರುತ್ತದೆ: ಒಂದು ರೆಕ್ಕೆ ತಿರುಗುವ ದಿಕ್ಕು, ಇನ್ನೊಂದು ಗಾಳಿ ಹೋಗುವ ದಿಕ್ಕು. ಕಡ್ಡಿಗಳು ಗಾಜಿನ ಮೂಲಕ ಕಾಣದಿರಲಿ ಅಂತ ರೆಕ್ಕೆಯನ್ನೇ ಉಲ್ಟಾ ಬಾಗಿಸಿದ ಫ್ಯಾನ್‌ಗಳೂ ಈಗ ಸಿಗುತ್ತವೆ. ಅವುಗಳಲ್ಲಿ ಈ ನಿಯಮ ತಲೆಕೆಳಗು. ಅನುಮಾನ ಬಂದರೆ ಟಿಶ್ಯೂ ಕಾಗದದ ಬೆರಳಗಲದ ಪಟ್ಟಿಯೊಂದನ್ನು ಹೊರಗಿನಿಂದ ಗ್ರಿಲ್ ಹತ್ತಿರ ಹಿಡಿದು ನೋಡಿ. ಅಂಟಿಕೊಂಡರೆ ಒಳಗೆ ಎಳೆಯುತ್ತಿದೆ, ಹಾರಿದರೆ ಹೊರಗೆ ದೂಡುತ್ತಿದೆ.

ಎಲ್ಲಿ ಕೂರಿಸುವುದು

ಸಾಮಾನ್ಯ ಟವರ್ ಕ್ಯಾಬಿನೆಟ್ಟಿಗೆ ಆರಂಭ ಹೀಗಿರಲಿ: ಮುಂದೆ 140 ಮಿಮೀನ ಎರಡು ಅಥವಾ 120 ಮಿಮೀನ ಮೂರು ಫ್ಯಾನ್ ಒಳಗೆಳೆಯಲು, ಹಿಂದೆ 120 ಮಿಮೀನ ಒಂದು ಹೊರದೂಡಲು. ಬಹುತೇಕ ಯಂತ್ರಗಳಿಗೆ ಇಷ್ಟು ಸಾಕು, ಇದರಾಚೆಗಿನದನ್ನು ಅಳತೆ ನೋಡಿ ಸೇರಿಸಬೇಕು. ಜಾಗ ಇದ್ದರೆ ಮುಂದೆ 140 ಮಿಮೀ ಒಳ್ಳೆಯದು. ಅದರ ವಿಸ್ತೀರ್ಣ 120ಕ್ಕಿಂತ ಸುಮಾರು ಮೂರನೇ ಒಂದು ಭಾಗ ಹೆಚ್ಚು, ಅಷ್ಟೇ ಗಾಳಿಗೆ ನಿಧಾನವಾಗಿ ತಿರುಗಿದರೆ ಸಾಕು. ಸ್ಕ್ರೂ ತೂತುಗಳ ನಡುವಿನ ಅಂತರ 120ಕ್ಕೆ 105 ಮಿಮೀ, 140ಕ್ಕೆ 124.5 ಮಿಮೀ. ಎರಡಕ್ಕೂ ಸೀಳುಗಳಿವೆಯೋ ಇಲ್ಲವೋ ಕೊಳ್ಳುವ ಮೊದಲೇ ಅಳೆದುಕೊಳ್ಳಿ.

ಮುಂದಿನ ಎರಡು ಫ್ಯಾನ್‌ಗಳನ್ನು ಕೂರಿಸುವ ಎತ್ತರವನ್ನು ಅನೇಕರು ಗಮನಿಸುವುದೇ ಇಲ್ಲ. ಈಗಿನ ಕ್ಯಾಬಿನೆಟ್‌ಗಳಲ್ಲಿ ತಳದಲ್ಲಿ ಪವರ್ ಸಪ್ಲೈ ಮುಚ್ಚುವ ತಗಡಿನ ಅಂತಸ್ತು ಇರುತ್ತದೆ. ಅತಿ ಕೆಳಗಿನ ಜಾಗದಲ್ಲಿ ಫ್ಯಾನ್ ಹಾಕಿದರೆ ಅದರ ಅರ್ಧ ಗಾಳಿ ಈ ಅಂತಸ್ತಿನೊಳಗೆ ನುಗ್ಗಿ ವೈರುಗಳ ಗೋಜಲಲ್ಲಿ ಸತ್ತುಹೋಗುತ್ತದೆ. ಎರಡೇ ಫ್ಯಾನ್ ಇದ್ದರೆ ಕೆಳಗಿನದರ ತಳ ಆ ತಗಡಿನ ಮಟ್ಟಕ್ಕೆ ಬರುವ ಹಾಗೆ ಮೇಲಕ್ಕೆ ಸರಿಸಿ. ಆಗ ಅದು ನೇರವಾಗಿ ಗ್ರಾಫಿಕ್ಸ್ ಕಾರ್ಡಿಗೆ ಗಾಳಿ ಉಣಿಸುತ್ತದೆ. ಮುಂದೆ ಹಾರ್ಡ್ ಡಿಸ್ಕ್ ಗೂಡು ಖಾಲಿ ಇದ್ದರೆ ಬಿಚ್ಚಿ ತೆಗೆದುಬಿಡಿ.

ನಾಲ್ಕನೆಯ ಫ್ಯಾನ್ ಮೇಲ್ಛಾವಣಿಯಲ್ಲಿ ಹಾಕುವುದಾದರೆ ಹಿಂಬದಿಯ ಜಾಗಕ್ಕೆ, ಅಂದರೆ ಸಿಪಿಯುವನ್ನು (ಕಂಪ್ಯೂಟರಿನ ಮುಖ್ಯ ಚಿಪ್) ತಣಿಸುವ ಸಿಪಿಯು ಕೂಲರ್‌ನ ನೆತ್ತಿಯ ಮೇಲೆ ಹಾಕಿ, ಹೊರದೂಡುವಂತಿರಲಿ. ಛಾವಣಿಯ ಮುಂಬದಿಯಲ್ಲಿ ಹೊರದೂಡುವ ಫ್ಯಾನ್ ಹಾಕುವುದು ನಾನು ಕಂಡ ತಪ್ಪುಗಳಲ್ಲೆಲ್ಲ ಹೆಚ್ಚು ಜನ ಮಾಡುವ ತಪ್ಪು. ಮುಂದಿನ ಮೇಲಿನ ಫ್ಯಾನ್ ಈಗಷ್ಟೇ ಒಳಗೆಳೆದ ತಣ್ಣನೆ ಗಾಳಿ ಸಿಪಿಯು ಕೂಲರ್ ತಲುಪುವ ಮೊದಲೇ ಈ ಫ್ಯಾನ್ ಅದನ್ನು ಮೇಲಕ್ಕೆ ಎತ್ತಿ ಹೊರಗೆ ಹಾಕುತ್ತದೆ. ಎರಡು ಫ್ಯಾನ್ ತಿರುಗುತ್ತವೆ, ಗಾಳಿ ಬಂದ ಬಾಗಿಲಲ್ಲೇ ವಾಪಸ್ಸು ಹೋಗುತ್ತದೆ. ಫ್ಯಾನ್ ಇಲ್ಲದೆ ಬರೀ ಜಾಲರಿ ಇದ್ದರೂ ಅಲ್ಲಿಂದ ಒಂದಿಷ್ಟು ಸೋರುತ್ತದೆ. ಆ ಭಾಗಕ್ಕೆ ಒಳಗಿನಿಂದ ದಪ್ಪ ರಟ್ಟು ಕತ್ತರಿಸಿ ಅಂಟಿಸಿ ನೋಡಿ. ಖರ್ಚಿಲ್ಲದ ಉಪಾಯ, ಸಿಪಿಯು ಒಂದೆರಡು ಡಿಗ್ರಿ ಇಳಿದರೂ ಲಾಭವೇ.

ಬಿಸಿ ಗಾಳಿ ಮೇಲಕ್ಕೇರುತ್ತದೆ, ಆದ್ದರಿಂದ ಮೇಲಿನಿಂದ ಗಾಳಿ ಎಳೆಯಲೇಬಾರದು ಅನ್ನುವ ವಾದ ಆಗಾಗ ಕೇಳುತ್ತದೆ. ಏರುವುದು ನಿಜ, ಆದರೆ ಅದರ ಒತ್ತಡ ಅತಿ ನಿಧಾನದ ಫ್ಯಾನಿನ ಮುಂದೆಯೂ ಲೆಕ್ಕಕ್ಕಿಲ್ಲ. ಮೇಲಿನಿಂದ ಎಳೆಯುವುದು ಬೇಡ ಅನ್ನುವುದಕ್ಕೆ ಬೇರೆ ಕಾರಣಗಳಿವೆ: ಮೇಲೆ ಕೂತ ಧೂಳೆಲ್ಲ ಒಳಗೆ ಬರುತ್ತದೆ, ಗ್ರಾಫಿಕ್ಸ್ ಕಾರ್ಡಿನ ಬಿಸಿ ಗಾಳಿ ಮೇಲೆ ಹೋಗುವ ದಾರಿ ಮುಚ್ಚಿಹೋಗುತ್ತದೆ.

ಕಾರ್ಡಿನ ವಿಷಯ ಬಂತಲ್ಲ, ಆಟದ ಯಂತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ವ್ಯಾಟ್ ಸುಡುವುದು ಅದೇ. ಎರಡು ಮೂರು ಫ್ಯಾನ್ ಇರುವ ಸಾಮಾನ್ಯ ಕಾರ್ಡ್ ಕೆಳಗಿನಿಂದ ಗಾಳಿ ಎಳೆದು, ಕಾದದ್ದನ್ನು ಪಕ್ಕಕ್ಕೂ ಮೇಲಕ್ಕೂ ಕ್ಯಾಬಿನೆಟ್ ಒಳಗೇ ಚೆಲ್ಲುತ್ತದೆ. ಅದರ ಮೇಲಿರುವ ಸಿಪಿಯು ಕೂಲರ್ ಉಸಿರಾಡುವುದು ಆ ಎಂಜಲು ಗಾಳಿಯನ್ನೇ. ಆಟ ಆಡುವಾಗ ಸಿಪಿಯು ಬಿಸಿ ಏರುತ್ತದೆ, ಬರೀ ಸಿಪಿಯು ಪರೀಕ್ಷೆಯಲ್ಲಿ ಏರುವುದಿಲ್ಲ ಅಂದರೆ ತಪ್ಪು ಸಿಪಿಯು ಕೂಲರ್‌ನದ್ದಲ್ಲ, ಕಾರ್ಡಿನ ಬಿಸಿಗೆ ಹೊರದಾರಿ ಸಿಕ್ಕಿಲ್ಲ ಅಂತ ಅರ್ಥ. ಕ್ಯಾಬಿನೆಟ್ ತಳದಲ್ಲಿ ಫ್ಯಾನ್ ಹಾಕುವ ವ್ಯವಸ್ಥೆ ಇದ್ದರೆ ಅಲ್ಲಿಂದ ಒಳಗೆಳೆಯುವ ಎರಡು ಫ್ಯಾನ್ ಕಾರ್ಡಿಗೆ ನೇರ ಉಪಕಾರ ಮಾಡುತ್ತವೆ. ಕಾಲುಗಳು ಗಿಡ್ಡವಾಗಿದ್ದರೆ, ಅಥವಾ ಕ್ಯಾಬಿನೆಟ್ ದಪ್ಪ ಜಮಖಾನದ ಮೇಲಿದ್ದರೆ ಆ ಉಪಕಾರ ಇಲ್ಲ. ಕಾರ್ಡನ್ನು ಅಂದಕ್ಕಾಗಿ ಲಂಬವಾಗಿ ನಿಲ್ಲಿಸಿ ಅದರ ಫ್ಯಾನ್‌ಗಳನ್ನು ಗಾಜಿಗೆ ಒತ್ತಿಕೊಂಡಂತೆ ಇಡುವುದಂತೂ ಬೇಡವೇ ಬೇಡ.

ಪವರ್ ಸಪ್ಲೈ ತಳದಲ್ಲಿದ್ದು ಅದರ ಕೆಳಗೆ ತೂತು, ಫಿಲ್ಟರ್ ಇದ್ದರೆ ಫ್ಯಾನ್ ಕೆಳಮುಖ. ತೂತಿಲ್ಲದಿದ್ದರೆ ಮೇಲ್ಮುಖ. ಅಷ್ಟೇ.

ದ್ರವದ ಕೂಲರ್ ಇದ್ದರೆ

ರೇಡಿಯೇಟರನ್ನು, ಅಂದರೆ ಪಂಪ್ ಸಿಪಿಯು ಕಡೆಯಿಂದ ತಳ್ಳಿದ ಬಿಸಿ ದ್ರವ ತಣಿಯುವ ಭಾಗವನ್ನು, ಛಾವಣಿಗೆ ಹಾಕಿ ಹೊರದೂಡುವಂತೆ ಮಾಡಬಹುದು, ಮುಂದೆ ಹಾಕಿ ಒಳಗೆಳೆಯುವಂತೆಯೂ ಮಾಡಬಹುದು. ಮುಂದೆ ಹಾಕಿದರೆ ಸಿಪಿಯುಗೆ ತಾಜಾ ಗಾಳಿ, ಆದರೆ ಅದರ ಬಿಸಿಯೆಲ್ಲ ಗ್ರಾಫಿಕ್ಸ್ ಕಾರ್ಡಿನ ಮುಖಕ್ಕೆ. ಮೇಲೆ ಹಾಕಿದರೆ ಇದರ ತದ್ವಿರುದ್ಧ. ಆಟವೇ ಮುಖ್ಯವಾದರೆ ಮೇಲೆ, ಕಾರ್ಡಿಗೆ ಕೆಲಸವಿಲ್ಲದೆ ಸಿಪಿಯು ಮಾತ್ರ ಗಂಟೆಗಟ್ಟಲೆ ದುಡಿಯುವುದಾದರೆ ಮುಂದೆ. ಮುಂದೆ ಹಾಕಿದಾಗ ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಬೇಕು. ಕೊಳವೆಯೊಳಗೆ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ಅದು ಅತಿ ಎತ್ತರದ ಜಾಗಕ್ಕೆ ಹೋಗಿ ಸೇರುತ್ತದೆ. ಆ ಜಾಗ ಪಂಪ್ ಆಗಿದ್ದರೆ ಗುಳುಗುಳು ಸದ್ದು ಶುರುವಾಗಿ, ಕ್ರಮೇಣ ಪಂಪೇ ಕೆಡುತ್ತದೆ.

ಸ್ಕ್ರೂ ಉದ್ದದ ಬಗ್ಗೆ ಒಂದು ಎಚ್ಚರಿಕೆ. 25 ಮಿಮೀ ದಪ್ಪದ ಫ್ಯಾನನ್ನು ರೇಡಿಯೇಟರಿಗೆ ಬಿಗಿಯಲು ಸಾಮಾನ್ಯವಾಗಿ ಬರುವುದು 30 ಮಿಮೀ ಸ್ಕ್ರೂ. ಅದೇ ಸ್ಕ್ರೂವನ್ನು 15 ಮಿಮೀನ ತೆಳು ಫ್ಯಾನಿಗೆ ಹಾಕಿದರೆ ಹೆಚ್ಚಿನ 10 ಮಿಮೀ ರೇಡಿಯೇಟರಿನ ಒಳಕ್ಕೆ ಹೋಗಿ, ದ್ರವ ಹರಿಯುವ ಚಪ್ಪಟೆ ಕೊಳವೆಯನ್ನು ತೂತುಮಾಡುತ್ತದೆ. ಬಿಗಿಯುವಾಗ ಒಂದು ಹಂತದ ನಂತರ ಮತ್ತೆ ಅಡ್ಡಿ ಸಿಕ್ಕಿತೋ, ಅಲ್ಲಿಗೆ ನಿಲ್ಲಿಸಿ.

ರೇಡಿಯೇಟರಿನ ಅಕ್ಕಪಕ್ಕ ಖಾಲಿ ಸಂದಿಗಳಿದ್ದರೆ ಅದರ ಬಿಸಿ ಗಾಳಿ ಮತ್ತೆ ಅಲ್ಲಿಂದಲೇ ಮುಂದಕ್ಕೆ ನುಸುಳಿ ಇನ್ನೊಂದು ಸುತ್ತು ಹಾಕುತ್ತದೆ. ಸ್ಪಂಜು ಪಟ್ಟಿಯಿಂದಲೋ ರಟ್ಟಿನಿಂದಲೋ ಆ ಸಂದಿಗಳನ್ನು ಮುಚ್ಚಿ.

ಒತ್ತಡ, ಧೂಳು

ಹೊರಹೋಗುವುದಕ್ಕಿಂತ ಒಳಬರುವ ಗಾಳಿ ಹೆಚ್ಚಾದರೆ ಒಳಗೆ ಒತ್ತಡ ಹೆಚ್ಚು. ಆಗ ಕ್ಯಾಬಿನೆಟ್ಟಿನ ಪ್ರತಿ ಸಂದಿಯಿಂದಲೂ ಗಾಳಿ ಹೊರಕ್ಕೆ ಸೋರುತ್ತದೆ, ಒಳಗೆ ಬರುವುದೆಲ್ಲ ಫಿಲ್ಟರ್ ಮೂಲಕವೇ. ಉಲ್ಟಾ ಆದರೆ ಯುಎಸ್‌ಬಿ ತೂತು, ಹಿಂಬದಿಯಲ್ಲಿ ಕಾರ್ಡ್ ಜಾಗ ಮುಚ್ಚುವ ತಗಡಿನ ಪಟ್ಟಿಗಳ ಸಂದಿ ಎಲ್ಲ ಕಡೆಯಿಂದಲೂ ಫಿಲ್ಟರ್ ಇಲ್ಲದ ಗಾಳಿ ಧೂಳಿನ ಸಮೇತ ಒಳನುಗ್ಗುತ್ತದೆ. ಉಷ್ಣಾಂಶದಲ್ಲಿ ಇವೆರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಧೂಳಿನಲ್ಲಿದೆ. ಒಳಗಿನ ಒತ್ತಡ ಸ್ವಲ್ಪ ಹೆಚ್ಚಿರಲಿ ಅನ್ನುವುದು ನನ್ನ ಮತ.

ಆದರೆ ಮುಂದೆ ಎರಡು, ಹಿಂದೆ ಒಂದು, ಆದ್ದರಿಂದ ಒತ್ತಡ ಹೆಚ್ಚು ಅಂತ ಬೆರಳೆಣಿಸಿ ಹೇಳಲಾಗದು. ಮುಂದಿನವು ಫಿಲ್ಟರ್ ಮೂಲಕ ಏದುಸಿರು ಬಿಡುತ್ತಿರುತ್ತವೆ, ಹಿಂದಿನದಕ್ಕೆ ಅಂಥ ಅಡ್ಡಿ ಇಲ್ಲ. ಮತ್ತೆ ಟಿಶ್ಯೂ ಪಟ್ಟಿಯೇ ಗತಿ: ಹಿಂಬದಿಯಲ್ಲಿ ಬಳಸದ ಕಾರ್ಡ್ ಪಟ್ಟಿಗಳ ಸಂದಿಯ ಬಳಿ ಹಿಡಿಯಿರಿ. ಒಳಕ್ಕೆ ವಾಲಿದರೆ ಹಿಂದಿನ ಫ್ಯಾನಿನ ವೇಗ ತಗ್ಗಿಸಿ. ತಿಂಗಳುಗಳು ಕಳೆದಂತೆ ಫಿಲ್ಟರ್ ಕಟ್ಟಿಕೊಂಡು, ಸರಿಯಿದ್ದದ್ದು ತಾನಾಗಿಯೇ ಉಲ್ಟಾ ಆಗುವುದೂ ಉಂಟು. ಯಂತ್ರಕ್ಕೆ ಏನೂ ಮಾಡದೆಯೇ ಬಿಸಿ ಏರುತ್ತಾ ಬಂದಿದ್ದರೆ ಮೊದಲು ಫಿಲ್ಟರ್ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಫಿಲ್ಟರ್, ರೇಡಿಯೇಟರ್ ಇರುವ ಕಡೆ ಬರೀ ಸಿಎಫ್‌ಎಂ ನೋಡದೆ ಸ್ಥಿರ ಒತ್ತಡದ, ಅಂದರೆ ಅಡ್ಡಿಯ ಎದುರು ಗಾಳಿ ದೂಡುವ ಬಲದ ಅಂಕಿಯನ್ನೂ ನೋಡಿ, ಅದನ್ನು ನೀರಿನ ಮಿಮೀ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ರೇಡಿಯೇಟರಿಗೆ 2 ಮಿಮೀಗಿಂತ ಹೆಚ್ಚಿದ್ದರೆ ನೆಮ್ಮದಿ. ಹಿಂದಿನ ಫ್ಯಾನಿಗೆ ಇದರ ಚಿಂತೆ ಬೇಡ.

ವೈರು ಮತ್ತು ವೇಗ

ಮೂರು ಪಿನ್ನಿನ ಫ್ಯಾನಿನ ವೇಗ ಬದಲಾಗುವುದು ವೋಲ್ಟೇಜ್ ತಗ್ಗಿಸುವುದರಿಂದ. ನಾಲ್ಕು ಪಿನ್ನಿನದಕ್ಕೆ 12 ವೋಲ್ಟ್ ಸದಾ ಸಿಗುತ್ತಿರುತ್ತದೆ, ನಾಲ್ಕನೇ ತಂತಿಯಲ್ಲಿ ಬರುವ ಪಿಡಬ್ಲ್ಯುಎಂ ಸಂಕೇತ ವೇಗ ಹೇಳುತ್ತದೆ. ಮೂರು ಪಿನ್ನಿನದನ್ನು ಸಿಕ್ಕಿಸಿ ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್ ಪುಟ) ಆ ಹೆಡರ್, ಅಂದರೆ ಫ್ಯಾನ್ ವೈರು ಸಿಕ್ಕಿಸುವ ಪಿನ್ನುಗಳ ಜಾಗ, ಪಿಡಬ್ಲ್ಯುಎಂ ಅಂತಲೇ ಇದ್ದರೆ ಫ್ಯಾನ್ ಸದಾ ಪೂರ್ತಿ ವೇಗದಲ್ಲಿ ಕಿರುಚುತ್ತದೆ. ಅದನ್ನು ಡಿಸಿ ಅಂತ ಬದಲಿಸಿ, ಸುಮ್ಮನಾಗುತ್ತದೆ.

ಮದರ್‌ಬೋರ್ಡಿನ ಒಂದು ಹೆಡರ್ ಸಾಮಾನ್ಯವಾಗಿ 1 ಆಂಪಿಯರ್ ವರೆಗೆ ಕೊಡುತ್ತದೆ. ಫ್ಯಾನಿನ ನಡುವಿನ ಚೀಟಿಯಲ್ಲಿ ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ. 0.2 ಆಂಪಿಯರಿನ ಮೂರನ್ನು ಕವಲು ವೈರಿನಲ್ಲಿ ಸೇರಿಸಿದರೆ 0.6, ತೊಂದರೆಯಿಲ್ಲ. ಐದಾರು ಇದ್ದರೆ, ದೀಪದ್ದೂ ಸೇರಿದರೆ, ಪವರ್ ಸಪ್ಲೈಯಿಂದ ನೇರ ಸಾಟಾ ವೈರಿನಲ್ಲಿ ವಿದ್ಯುತ್ ಪಡೆಯುವ, ಹಲವು ಫ್ಯಾನ್ ಸಿಕ್ಕಿಸಬಹುದಾದ ಹಬ್ ಹಾಕಿ. ಕವಲಿನಲ್ಲಾಗಲಿ ಹಬ್‌ನಲ್ಲಾಗಲಿ ಒಂದೇ ಫ್ಯಾನಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಪರದೆಯಲ್ಲಿ ಕಾಣುತ್ತದೆ. ಉಳಿದವುಗಳಲ್ಲಿ ಒಂದು ನಿಂತುಹೋದರೂ ಸಾಫ್ಟ್‌ವೇರಿಗೆ ತಿಳಿಯುವುದಿಲ್ಲ, ಆಗಾಗ ಕಣ್ಣಲ್ಲೇ ನೋಡಬೇಕು. ಸಿಪಿಯು ಫ್ಯಾನ್ ಹೆಡರನ್ನು ಖಾಲಿ ಬಿಟ್ಟರೆ ಎಷ್ಟೋ ಬೋರ್ಡುಗಳು ಆನ್ ಆಗುವಾಗಲೇ ತಪ್ಪಿನ ಸಂದೇಶ ತೋರಿಸಿ ನಿಂತುಬಿಡುತ್ತವೆ. ಇನ್ನು ದೀಪದ ವೈರು: ಮೂರು ಪಿನ್ನಿನದು 5 ವೋಲ್ಟ್, ನಾಲ್ಕು ಪಿನ್ನಿನದು 12 ವೋಲ್ಟ್. ಮೊದಲನೆಯದನ್ನು ಒತ್ತಾಯ ಮಾಡಿ ಎರಡನೆಯದಕ್ಕೆ ತುರುಕಿದರೆ ದೀಪ ಅಲ್ಲಿಗೇ ಮುಗಿಯಿತು.

ಯಾವ ಉಷ್ಣಾಂಶಕ್ಕೆ ಎಷ್ಟು ವೇಗ ಅನ್ನುವ ರೇಖೆ ಎಳೆಯುವಾಗ ಕ್ಯಾಬಿನೆಟ್ ಫ್ಯಾನ್‌ಗಳನ್ನು ಸಿಪಿಯು ಉಷ್ಣಾಂಶಕ್ಕೆ ಕಟ್ಟಬೇಡಿ. ಬ್ರೌಸರ್ ತೆರೆದರೂ ಸಾಕು, ಸಿಪಿಯು ಒಂದು ಕ್ಷಣ 20 ಡಿಗ್ರಿ ಜಿಗಿದು ಇಳಿಯುತ್ತದೆ, ಫ್ಯಾನ್‌ಗಳು ಅದರ ಹಿಂದೆ ಬಿದ್ದು ಬುಸ್ ಬುಸ್ ಅನ್ನುತ್ತವೆ. ಆಟದ ಯಂತ್ರವಾದರೆ ಗ್ರಾಫಿಕ್ಸ್ ಕಾರ್ಡಿನ ಉಷ್ಣಾಂಶಕ್ಕೆ ಕಟ್ಟಿ. ಅನೇಕ ಬೋರ್ಡುಗಳ ಬಯೋಸ್‌ನಲ್ಲಿ ಇದಕ್ಕೆ ಅವಕಾಶವಿಲ್ಲ. ವಿಂಡೋಸ್‌ನಲ್ಲಿ ಫ್ಯಾನ್‌ಕಂಟ್ರೋಲ್ ಎಂಬ ಉಚಿತ ಸಾಫ್ಟ್‌ವೇರ್ ಈ ಕೆಲಸ ಮಾಡುತ್ತದೆ. 50 ಡಿಗ್ರಿವರೆಗೆ 35–40 ಶೇಕಡಾ, ಅಲ್ಲಿಂದ 75 ಡಿಗ್ರಿಗೆ 70 ಶೇಕಡಾ ಮುಟ್ಟುವಂತೆ ಓರೆ ಗೆರೆ, ವೇಗ ಏರಿಳಿಯಲು ಕೆಲವು ಸೆಕೆಂಡಿನ ವಿಳಂಬ: ಇಲ್ಲಿಂದ ಶುರುಮಾಡಿ ನಿಮ್ಮ ಕಿವಿಗೆ ತಕ್ಕಂತೆ ಸರಿಪಡಿಸಿಕೊಳ್ಳಿ.

ಸದ್ದಿನ ಲೆಕ್ಕ ಇಲ್ಲಿ ತಿಳಿದಿರಲಿ. ಒಂದೇ ಬಗೆಯ ಎರಡನೇ ಫ್ಯಾನ್ ಅದೇ ವೇಗದಲ್ಲಿ ಸೇರಿದರೆ ಸದ್ದು 3 ಡೆಸಿಬಲ್ ಏರುತ್ತದೆ. ಫ್ಯಾನಿನ ವೇಗ ಅರ್ಧವಾದರೆ ಸುಮಾರು 15 ಡೆಸಿಬಲ್ ಇಳಿಯುತ್ತದೆ. ಅಂದರೆ 1400 ಆರ್‌ಪಿಎಂನ ಒಂದರ ಬದಲು 700ರ ಎರಡು ಇಟ್ಟರೆ ಗಾಳಿ ಹೆಚ್ಚುಕಡಿಮೆ ಅಷ್ಟೇ, ಸದ್ದು ಬಹಳ ಕಡಿಮೆ. ಹೆಚ್ಚು ಫ್ಯಾನ್ ಹಾಕುವುದಕ್ಕೆ ನಾನು ಒಪ್ಪುವ ಕಾರಣ ಇದೊಂದೇ. ಮಧ್ಯದಲ್ಲಿ ಯಾವುದೋ ಒಂದು ವೇಗಕ್ಕೆ ಕ್ಯಾಬಿನೆಟ್ಟಿನ ತಗಡು ಗುಂಯ್ ಅನ್ನತೊಡಗಿದರೆ ರೇಖೆಯಲ್ಲಿ ಆ ವೇಗವನ್ನು ಹಾರಿಸಿಬಿಡಿ. ಅಕ್ಕಪಕ್ಕದ ಎರಡು ಫ್ಯಾನ್ ತುಸು ಹೆಚ್ಚುಕಡಿಮೆ ವೇಗದಲ್ಲಿದ್ದರೆ ಸದ್ದು ಅಲೆ ಅಲೆಯಾಗಿ ಬರುತ್ತದೆ. ಒಂದರ ವೇಗವನ್ನು 100 ಆರ್‌ಪಿಎಂನಷ್ಟು ದೂರ ಸರಿಸಿದರೆ ಅದು ಹೋಗುತ್ತದೆ.

ಪರೀಕ್ಷೆ

ಒಂದು ಸಲಕ್ಕೆ ಒಂದೇ ಬದಲಾವಣೆ. ಕೋಣೆಯ ಉಷ್ಣಾಂಶ ಬರೆದುಕೊಳ್ಳಿ, ಫ್ಯಾನ್‌ಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕಿ, ಸಿಪಿಯು ಮತ್ತು ಕಾರ್ಡ್ ಎರಡಕ್ಕೂ ಒಟ್ಟಿಗೆ ಅರ್ಧ ಗಂಟೆ ಕೆಲಸ ಕೊಡಿ. ಐದು ನಿಮಿಷದ ಅಂಕಿ ನಂಬಬೇಡಿ, ತಗಡು, ಬೋರ್ಡು ಎಲ್ಲ ಕಾಯಲು ಹೊತ್ತು ಬೇಕು. ಬಂದ ಅಂಕಿಯಿಂದ ಕೋಣೆಯ ಉಷ್ಣಾಂಶ ಕಳೆದು ಬರೆದಿಡಿ, ಇಲ್ಲದಿದ್ದರೆ ಬೆಳಗಿನ ಅಂಕಿಯನ್ನು ಮಧ್ಯಾಹ್ನದ್ದಕ್ಕೆ ಹೋಲಿಸಿ ಮೋಸಹೋಗುತ್ತೀರಿ.

ಮೊಟ್ಟಮೊದಲ ಪರೀಕ್ಷೆ ಪಕ್ಕದ ಬಾಗಿಲು ತೆಗೆದು ಮಾಡುವುದು. ತೆಗೆದಾಗ ಏಳೆಂಟು ಡಿಗ್ರಿ ಇಳಿದರೆ ಕ್ಯಾಬಿನೆಟ್ಟಿಗೆ ಉಸಿರು ಕಟ್ಟಿದೆ, ಮೇಲೆ ಹೇಳಿದ್ದೆಲ್ಲ ನಿಮಗೆ ಉಪಯೋಗವಾಗುತ್ತದೆ. ಒಂದೆರಡು ಡಿಗ್ರಿ ಮಾತ್ರ ಇಳಿದರೆ ಫ್ಯಾನ್ ಕೊಳ್ಳಬೇಡಿ. ತೊಂದರೆ ಕೂಲರ್‌ನ ಬಿಗಿತದಲ್ಲೋ, ಸಿಪಿಯುಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್‌ನಲ್ಲೋ, ಕೂಲರ್ ಚಿಕ್ಕದಾಗಿರುವುದರಲ್ಲೋ ಇದೆ. ರೈಜ಼ನ್ 7000 ಸರಣಿಯ ಹಲವು ಸಿಪಿಯುಗಳಂತೂ ಪೂರ್ತಿ ಹೊರೆಯಲ್ಲಿ 95 ಡಿಗ್ರಿ ಮುಟ್ಟಿ ಅಲ್ಲೇ ನಿಲ್ಲುವಂತೆ ರೂಪುಗೊಂಡಿವೆ. ಗಾಳಿ ಸುಧಾರಿಸಿದರೆ ಅವು ಉಳಿದ ಅವಕಾಶವನ್ನೆಲ್ಲ ವೇಗಕ್ಕೆ ಬಳಸಿಕೊಳ್ಳುತ್ತವೆ, ಡಿಗ್ರಿ ಇಳಿಯುವುದಿಲ್ಲ. ಅಲ್ಲಿ ನೋಡಬೇಕಾದ್ದು ಕ್ಲಾಕ್ ಸ್ಪೀಡನ್ನು, ಅಂದರೆ ಸಿಪಿಯು ಎಷ್ಟು ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದೆ ಅನ್ನುವುದನ್ನು.

ಕೊನೆಯದಾಗಿ ಸ್ಕ್ರೂ ಮತ್ತು ಸ್ವಚ್ಛತೆ. ಹೊಸ ಫ್ಯಾನಿನ ತೂತಿನಲ್ಲಿ ಸ್ಕ್ರೂ ಕೂರುವ ಸುತ್ತುಗೆರೆ ಇರುವುದಿಲ್ಲ, ಸ್ಕ್ರೂವೇ ಪ್ಲಾಸ್ಟಿಕ್ಕನ್ನು ಕೊರೆಯುತ್ತಾ ಹೋಗಬೇಕು. ಕ್ಯಾಬಿನೆಟ್ ಒಳಗೆ ಕೈ ತಿರುಚಿಕೊಂಡು ಅದನ್ನು ಮಾಡುವ ಬದಲು ಫ್ಯಾನನ್ನು ಮೇಜಿನ ಮೇಲಿಟ್ಟು ನಾಲ್ಕೂ ತೂತುಗಳಿಗೆ ಒಮ್ಮೆ ಸ್ಕ್ರೂ ಹಾಕಿ ತೆಗೆದಿಟ್ಟುಕೊಂಡರೆ ಆಮೇಲೆ ಸಲೀಸು. ನಾಲ್ಕನ್ನೂ ಮೊದಲು ಸಡಿಲವಾಗಿ ಹಿಡಿಸಿ, ನಂತರ ಎದುರು ಮೂಲೆಗಳಂತೆ ಬಿಗಿಯಿರಿ, ಫ್ಯಾನ್ ಅಲುಗಾಡದಿದ್ದರೆ ಸಾಕು. ಧೂಳು ಊದುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಅದು ತನ್ನ ಮಿತಿ ಮೀರಿ ತಿರುಗಿದರೆ ಬೇರಿಂಗ್ ಸವೆಯುತ್ತದೆ, ಮೋಟಾರು ಡೈನಮೋದಂತಾಗಿ ಹೆಡರ್ ಕಡೆಗೆ ವಿದ್ಯುತ್ ಹಿಂದಕ್ಕೆ ಹರಿಯಲೂಬಹುದು.